ಸಿಬ್ಬಂದಿಯ ಮನೆಯವರಿಗೆ, ವರ್ಷಕ್ಕೊಮ್ಮೆ

ಹಾಸಿಗೆಯಂಥ ಕುರ್ಚಿ, ಕೂತರೆ ಏಳಲಾಗದು.
ಗಾಜಿನ ಲೋಟದ ಅಂಚಿಗೆ ಲಿಂಬೆಹೋಳು,
ಅದರ ಪಕ್ಕ ಕಾಗದದ ಒಂದು ಚಿಕ್ಕ ಛತ್ರಿ.
ಇದು ಯಾರಿಗೆ ಮಾರಾಯಾ, ಕೇಳಿದೆ.
ತಟ್ಟೆ ಹಿಡಿದ ಹುಡುಗ ನಕ್ಕ: 'ಸುಮ್ನೆ, ಅಕ್ಕಾ.'

ತಲೆಗೆ ಆರೂವರೆ ಸಾವಿರ, ಊಟ ಸೇರಿ.
ಸಿಬ್ಬಂದಿಯ ಮನೆಯವರಿಗೆ ವರ್ಷಕ್ಕೊಮ್ಮೆ ಪುಕ್ಕಟೆ,
ಅದೂ ಮಂಗಳವಾರ, ಅದೂ ಕುರ್ಚಿ ಮಿಕ್ಕರೆ.
ಇವರು ಮೇಲೆ, ಗಾಜಿನ ಗೂಡಿನಲ್ಲಿ, ಚಕ್ರ ಹಿಡಿದು ನಿಂತಿದ್ದಾರೆ,
ಹೆಗಲಿಗೆ ಎರಡು ಪಟ್ಟಿಯ ಬಿಳಿ ಅಂಗಿ
(ನಿನ್ನೆ ನಾನೇ ನೀಲಿ ಹಾಕಿ ಒಗೆದದ್ದು).
ನನ್ನ ಕಡೆ ನೋಡಬಾರದಂತೆ. ಡ್ಯೂಟಿ.

ಹೊನ್ನಾವರದ ಸೇತುವೆ ಹಿಂದಾಯಿತು.
ಶರಾವತಿ ಇಷ್ಟು ಅಗಲ ಅಂತ ಯಾರು ಕಂಡಿದ್ದರು?
ಇಪ್ಪತ್ತಾರು ವರ್ಷ ಸೊಂಟದ ತನಕ ನಿಂತಿದ್ದೇನೆ ಇದರಲ್ಲಿ,
ಹೆಬ್ಬೆರಳಿನಿಂದ ಕೆಸರು ತಡವಿ ಬಳಚು ಹೆಕ್ಕಿದ್ದೇನೆ.
ಹೊಳೆ ಅಂದರೆ ನನಗೆ ತಣ್ಣಗೆ, ಕತ್ತಲೆ, ಚೂಪು.
ಮೇಲಿನಿಂದ ನೋಡಿದರೆ
ಯಾರೋ ಇಸ್ತ್ರಿ ಮಾಡಿ ಹಾಸಿಟ್ಟ ಸೀರೆ.

ಮಾವಿನಕುರ್ವೆಯ ಆಚೆ, ಮರಳುದಿಬ್ಬದ ಹತ್ತಿರ
ನಮ್ಮವರು. ಇಳಿತದ ಹೊತ್ತು.
ಬೇಬಿಯಕ್ಕ, ಕುಪ್ಪಿ, ಕುಪ್ಪಿಯ ಸೊಸೆ —
ಮೂರು ತಲೆ, ತಲೆಗೊಂದು ತೇಲುವ ಬೋಗುಣಿ.
'ನೋಡ್ರೀ ನೋಡ್ರೀ' ಅಂತ ಪಕ್ಕದಾಕೆ
ಗಂಡನ ಮೊಬೈಲು ಕಸಿದಳು.
ನಾನು ಕೈ ಎತ್ತಿದೆ. ಹೆಸರು ಹಿಡಿದು ಕೂಗಿದೆ.
ಎಂಜಿನ್ನಿನ ಸದ್ದು ಅದನ್ನು ನುಂಗಿತು.
ಮೂವರೂ ಒಟ್ಟಿಗೆ ಮುಖ ತಿರುಗಿಸಿದರು,
ಅಲೆಗೆ ಬೆನ್ನು ಕೊಟ್ಟರು.
ನಿನ್ನೆ ನಾನೂ ತಿರುಗಿಸಿದ್ದೆ.

ಊಟಕ್ಕೆ ಬಳಚಿನ ಸುಕ್ಕ ಇತ್ತು. ಹೆಸರು ಬೇರೆ ಇತ್ತು.
ಅಗಲದ ಬಿಳಿ ತಟ್ಟೆಯಲ್ಲಿ ಏಳೇ ಏಳು.
ಎಣಿಸಿ ತಿಂದೆ.

ಗೇರುಸೊಪ್ಪೆಯ ಕಡೆ ಹಲಗೆ ಹಾಕಿ ಇಳಿಸಿದರು.
ಕಾಡಿನೊಳಗೆ ನಾಲ್ಕು ಬಾಗಿಲ ಬಸದಿ.
ಯಾವ ದಿಕ್ಕಿನಿಂದ ಹೊಕ್ಕರೂ ಒಬ್ಬ ಕೂತಿದ್ದಾನೆ
ಯಾರನ್ನೂ ಕಾಯದೆ.
ಬಾವಲಿಯ ನಾತ. ಗೈಡು ಶಿರಾಲಿಯ ಹುಡುಗ,
ರಾಣಿ, ಕಾಳುಮೆಣಸು, ಪರಂಗಿಯವರು ಅಂತ
ಮಗ್ಗಿಯ ಹಾಗೆ ಒಪ್ಪಿಸಿದ.
ಜನ ಕತ್ತೆತ್ತಿ ನೋಡಿದರು, ಸೊಳ್ಳೆ ಹೊಡೆದುಕೊಂಡರು.

ಬಿದ್ದ ಮರದ ಹಿಂದೆ ಐದಾರು ಗೋರಿ.
'ಯಾರದು ಇವೆಲ್ಲ?'
'ವ್ಯಾಪಾರಿಗಳದ್ದಿರಬೇಕು, ಮೇಡಂ. ಹೆಸರು ಅಳಿಸಿದೆ.'
ನನಗೆ ಯಾರಾದರೂ ಮೇಡಂ ಅಂದದ್ದು ಅದೇ ಮೊದಲು.
ತಿರುಗಿ ನೋಡಿದೆ, ಹಿಂದೆ ಬೇರೆ ಯಾರೂ ಇರಲಿಲ್ಲ.

ಕೊನೆಯ ಗೋರಿಯ ಮೂಲೆಯಲ್ಲಿ ಗಾರೆ ಒಡೆದಿತ್ತು.
ಬಗ್ಗಿದೆ.
ಸುಣ್ಣದೊಳಗೆ ಸುಡದೆ ಉಳಿದ ಅರ್ಧ ಚಿಪ್ಪು,
ಬೆನ್ನಿನ ಮೇಲೆ ಅದೇ ಗೆರೆ, ಅಂಚಿಗೆ ಅದೇ ನೇರಳೆ.
ಬಳಚೇ.
ಭಟ್ಟಿಯವ ಅವಸರ ಮಾಡಿದ್ದಾನೆ, ಉರಿ ಒಂದೇ ಬದಿಗೆ ಹತ್ತಿದೆ.
ಯಾವಳ ಬೋಗುಣಿಯದೋ. ಸೇರಿಗೆ ಏನು ಕೊಟ್ಟರೋ.
ಚಪ್ಪಲಿಯೊಳಗೆ ನನ್ನ ಹೆಬ್ಬೆರಳು
ತನ್ನಷ್ಟಕ್ಕೆ ಮಡಚಿಕೊಂಡಿತು,
ಕೆಸರಿನಲ್ಲಿ ಗಟ್ಟಿ ಏನೋ ತಾಗಿದ ಹಾಗೆ.

'ಮುಟ್ಟಬೇಡಿ ಮೇಡಂ, ಬಹಳ ಹಳೆಯದು.'

ರಾತ್ರಿ ಇವರು ಅಂಗಿ ಕಳಚಿ ಮೊಳೆಗೆ ಹಾಕಿ
ಹೇಗಿತ್ತು ಅಂದರು.
ಚಾ ತಣ್ಣಗಿತ್ತು ಅಂದೆ.
ಆಮೇಲೆ, ದೀಪ ಆರಿಸಿದ ಮೇಲೆ,
ದಿಬ್ಬದ ಹತ್ತಿರ ಸ್ವಲ್ಪ ನಿಧಾನ ಮಾಡಬಹುದಲ್ಲ, ಅಂದೆ.
ನಿದ್ದೆ ಹತ್ತಿತ್ತೋ ಏನೋ.

ಮರುದಿನ ಇಳಿತ ಮುಕ್ಕಾಲು ಗಂಟೆ ತಡ.
'ನಿನ್ನೆ ಎಲ್ಲಿ ಸತ್ತಿದ್ದೆಯೇ?' ಬೇಬಿಯಕ್ಕ ಕೇಳಿದಳು.
ಹಲ್ಲುನೋವು ಅಂದೆ.
ಮೇಲೆ ಅಣೆಕಟ್ಟಿನವರು ನೀರು ಬಿಟ್ಟಿದ್ದರು, ಎದೆಮಟ್ಟ ಇತ್ತು.
ಹಾರ್ನು ಕೇಳಿತು. ಎಲ್ಲರೂ ಬೆನ್ನು ಕೊಟ್ಟರು.
ನಾನು ಕೊಡಲಿಲ್ಲ.
ಕಂಬಿಯ ಪಕ್ಕದ ಮೂರನೇ ಕುರ್ಚಿಯಲ್ಲಿ ಒಂದು ಮಗು ನಿಂತು
ಕಾಗದದ ಛತ್ರಿ ಬೀಸುತ್ತಿತ್ತು, ನಮಗೋ, ಕೊಕ್ಕರೆಗೋ.
ಗಾಜಿನ ಗೂಡಿನಲ್ಲಿ ಬಿಳಿ ಅಂಗಿ ನೇರ ನೋಡುತ್ತಿತ್ತು.

ಅಲೆ ಬಂತು.
ಬೋಗುಣಿ ಹಿಡಿದುಕೊಂಡೆ.