ಮಬ್ಬು ಗೆರೆ

ಪಟ್ಟಿಯ ಮೇಲೆ ಸಿ ಹತ್ತಿರ ಒಂದು ಗೆರೆ, ಕಡುಗೆಂಪು.
ಅದು ಇರಲೇಬೇಕಾದ ಗೆರೆ.
ಟಿ ಹತ್ತಿರ ಇನ್ನೊಂದು,
ಮೂರು ಸಲ ಒಗೆದ ಅಂಗಿಯ ಮೇಲಿನ
ಎಲೆಅಡಿಕೆ ಕಲೆಯಂಥದ್ದು.
ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಇದೆ,
ಕಿಟಕಿಯ ಬಿಸಿಲಿಗೆ ಹಿಡಿದರೆ ಇಲ್ಲ.

ಗಡಿಯಾರ ನೋಡಿದೆ. ಹದಿನೆಂಟನೆಯ ನಿಮಿಷ.
ಇಪ್ಪತ್ತು ದಾಟಿದರೆ ಯಾವ ಗೆರೆಯನ್ನೂ ನಂಬಬೇಡಿ
ಎಂದು ಡಬ್ಬಿಯ ಮೇಲೆ ಬರೆದಿದೆ.
ಉಳಿದ ಎರಡರಲ್ಲಿ ನಾನು
ಒಬ್ಬ ಮನುಷ್ಯನ ಬಗ್ಗೆ ಒಂದು ಮಾತು ಬರೆಯಬೇಕು.

ಮೌನೇಶಪ್ಪ ಪತ್ತಾರ. ಅರವತ್ತೇಳು. ಊರು ಹಟ್ಟಿ.
ಕಣ್ಣಿನ ಪೊರೆ ತೆಗೆಯುವ ಮೊದಲು
ಎಲ್ಲರಿಗೂ ಬರೆದುಕೊಡುವ ಪರೀಕ್ಷೆ.
ಜ್ವರವಿಲ್ಲ, ಕಾಮಣಿಯಿಲ್ಲ,
ಲಿಂಗಸುಗೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದವರು.

ಬೇರೆ ಕಂಪನಿಯ ಪಟ್ಟಿ ಹರಿದೆ. ಅದರಲ್ಲಿ ಗೆರೆಯೇ ಇಲ್ಲ.
ರಾಯಚೂರಿನ ದೊಡ್ಡ ಯಂತ್ರಕ್ಕೆ ಕಳಿಸಿದೆ.
ಅದು ಅಂಕಿ ಕೊಟ್ಟಿತು: ಒಂದು ಪಾಯಿಂಟ್ ಒಂದು ಎರಡು.
ಒಂದು ದಾಟಿದರೆ ಇದೆ, ಒಂದರೊಳಗಾದರೆ ಇಲ್ಲ.
ಹೊಸ್ತಿಲ ಮೇಲೆ ಕೂರಬಾರದು ಅನ್ನುತ್ತಿದ್ದಳು ಅಜ್ಜಿ.
ಈ ಅಂಕಿ ಅಲ್ಲೇ ಕೂತಿದೆ, ಕಾಲು ಚಾಚಿ.

‘ಐತೋ ಇಲ್ಲೋ? ಒಂದ ಮಾತ ಹೇಳಿಬಿಡ್ರಿ.’
ಕೇಳಿದ್ದು ಅವರಲ್ಲ, ಹೆಂಡತಿ ಕಾಳಮ್ಮ.

ಇದು ವೈರಸ್ಸನ್ನು ನೋಡುವ ಪರೀಕ್ಷೆ ಅಲ್ಲಮ್ಮ,
ವೈರಸ್ ಬಂದಾಗ ಮೈ ಎದ್ದು ನಿಂತಿತ್ತೇ
ಎಂದು ಮೈಯನ್ನು ಕೇಳುವ ಪರೀಕ್ಷೆ.
ಬಂದದ್ದು ಹೋಗಿದ್ದರೂ ಮೈ ಮರೆಯುವುದಿಲ್ಲ.
ಕೆಲವು ಸಲ ಯಾರೂ ಬಂದಿರುವುದಿಲ್ಲ,
ಬಾಗಿಲು ಸಪ್ಪಳಾಯಿತೆಂದು ಎದ್ದಿರುತ್ತದೆ, ಅಷ್ಟೆ.

ಕಾಳಮ್ಮ ನನ್ನ ಬಾಯಿಯನ್ನೇ ನೋಡಿದರು,
ನಳದಲ್ಲಿ ನೀರು ಬಂತೋ ಬರೀ ಗಾಳಿಯೋ
ಎಂದು ಕೊಡ ಹಿಡಿದು ನೋಡುವ ಹಾಗೆ.

ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದಿರಾ?
ಎಂಬತ್ತೊಂಬತ್ತು. ಮುದಗಲ್ ರಸ್ತೆ. ಲಾರಿ.
‘ಎರಡ ಬಾಟ್ಲಿ. ಕೊಟ್ಟವರ ಹೆಸರ ಕೇಳಾಕ
ನನಗ ಎಚ್ಚರ ಇರಲಿಲ್ಲ.’

ಆಮೇಲೆ ಮೌನೇಶಪ್ಪ ನಕ್ಕರು.
ಮೂವತ್ತೊಂದು ವರ್ಷ ಗಣಿಯ ಪರೀಕ್ಷೆಯ ಕೋಣೆಯಲ್ಲಿ
ಕಲ್ಲಿನ ಪುಡಿಯನ್ನು ಮೂಸೆಗೆ ಸುರಿದ ಕೈ ಅವರದು.
‘ಹೊಳಿಯೋದೆಲ್ಲ ಬಂಗಾರ ಅಲ್ಲ, ಎಲ್ಲಾರಿಗೂ ಗೊತ್ತು ಮೇಡಂ.
ಹೊಳೀಲಾರದ್ದು ಬಂಗಾರ ಅಲ್ಲ ಅನ್ನಾಕೂ ಬರಂಗಿಲ್ಲ.
ಒಂದ ಚೀಲದ ಪುಡಿ, ಎರಡ ಸಲ ಸುಟ್ಟರ ಎರಡ ಲೆಕ್ಕ.
ಸಾಹೇಬರು ಬೈತಿದ್ದರು.
ನಾ ಸುಮ್ಮನ ಮೂರನೇದ್ದು ಸುಡತಿದ್ದೆ.
ನೀವೂ ಸುಡ್ರಿ.’

ಮೂರನೆಯದಕ್ಕೆ ಕುಲುಮೆ ಹೈದರಾಬಾದಿನಲ್ಲಿ.
ಐಸಿನ ಡಬ್ಬಿಯಲ್ಲಿ ಹೋಯಿತು. ಹನ್ನೊಂದು ದಿನ.
ಅಷ್ಟರಲ್ಲಿ ಹಟ್ಟಿಯ ಮನೆಯೊಳಗೆ
ಒಂದು ಸ್ಟೀಲ್ ಲೋಟದ ಕಂಠಕ್ಕೆ
ಕೆಂಪು ದಾರ ಬಿದ್ದಿತ್ತು.
ಲೋಟದಿಂದ ಬರುವ ರೋಗವಲ್ಲ ಅಂದಿದ್ದೆ, ಮೂರು ಸಲ.
ಮೂರು ಸಲವೂ ಕಾಳಮ್ಮ ಹೂಂ ಅಂದಿದ್ದರು.

ಕಾಗದ ಬಂತು: ವೈರಸ್ ಕಂಡುಬಂದಿಲ್ಲ.
ಅಂದರೆ ಈಗ ಇಲ್ಲ.
ಆ ಎರಡು ಬಾಟ್ಲಿಯ ಜೊತೆ ಒಳಗೆ ಬಂದು
ಯಾರಿಗೂ ಹೇಳದೆ ಎದ್ದುಹೋಯಿತೋ,
ಬಂದೇ ಇರಲಿಲ್ಲವೋ,
ಅದಕ್ಕೆ ಕಾಗದದಲ್ಲಿ ಕಾಲಂ ಇಲ್ಲ.
ರಿಜಿಸ್ಟರಿನಲ್ಲಿ ನಾನು ‘ಅನಿಶ್ಚಿತ’ ಎಂದು ಬರೆದದ್ದನ್ನು
ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ತಾರೀಖು ಬರೆದೆ.

ಕಾಳಮ್ಮ ಚೀಲದಿಂದ ಲೋಟ ತೆಗೆದರು.
‘ಕತ್ತರಿ ಐತೇನ್ರಿ?’
ನಾನು ಡ್ರಾ ಎಳೆದೆ. ಮೌನೇಶಪ್ಪ ಕೈ ಅಡ್ಡ ಹಿಡಿದರು.
‘ಇರಲಿ ಬಿಡ. ನಲವತ್ತ ವರ್ಷದಾಗ
ನಂದು ಅಂತ ಒಂದ ಲೋಟ ಇರಲಿಲ್ಲ.’