ಕೆಳಗಿನ ಸಾಲು ಮೊದಲು

ನಮ್ಮ ಮನಿಯಾಗ ಹದಿನಾಲ್ಕು ರೇಡಿಯೋ ಇದ್ದವು,
ಹನ್ನೆರಡು ಮಂದಿಯವು, ರಿಪೇರಿಗೆ ಬಂದವು.
ಒಂದೂ ನನ್ನ ತಮ್ಮ ಸಾಯಬಣ್ಣನ ಕೂಡ ಮಾತಾಡಲಿಲ್ಲ.
ಹುಟ್ಟಿದಾಗಿಂದ ಅವಗ ಕಿವಿ ಕೇಳಂಗಿಲ್ಲ.
ಸ್ಪೀಕರಿನ ಮ್ಯಾಲೆ ಅಂಗೈ ಇಟ್ಟು
ಇರುವೆ ಹರದಂಗ ಆಗ್ತದಂತ
ಬೆರಳಾಡಿಸಿ ತೋರಿಸ್ತಿದ್ದ.
ಅಪ್ಪಗ ಅವ ಇಟ್ಟ ಹೆಸರು:
ಹೆಬ್ಬೆರಳಿಗೆ ತೋರುಬೆರಳು ಹಚ್ಚಿ ಗಾಳಿಯಾಗ ಒಂದು ತಿರುವು,
ಸ್ಟೇಷನ್ ಹುಡುಕೋರಂಗ.

ಈಗ ಅವ ಶಹಾಬಾದಿನಾಗ ಕಲ್ಲು ಕೊಯ್ತಾನ.
ಆ ಮಷೀನಿನ ಮುಂದ ಕಿವಿ ಇದ್ದವರೂ ಕಿವುಡರೇ,
ಎಲ್ಲರೂ ಅವನ ಭಾಷೆ ಕಲ್ತಾರ.
ನಾ ವಾಡಿಯಾಗ, ಜಂಕ್ಷನ್ನಿನ ಹಿಂದ,
ಸಿಮೆಂಟ್ ಧೂಳು ಕುಂತ ಮೊಬೈಲ್ ಅಂಗಡಿ.
ಪರೀಕ್ಷೆ ಬರದು ಲೈಸೆನ್ಸ್ ತಗೊಂಡೆ,
ಅಂಗೈಯಷ್ಟು ಒಂದು ಪೆಟ್ಟಿಗಿ ತರಿಸಿದೆ.
ಅದಕ್ಕ ತಿರುವೋ ಗುಂಡಿಯೇ ಇಲ್ಲ.
ರೇಡಿಯೋ ಅಂದ್ರ ಈಗ ಬರೀ ಲೆಕ್ಕ.

ಫೋಟೋ ಕಳಿಸಲಿಕ್ಕ ವಾಟ್ಸಾಪ್ ಇಲ್ಲೇನು, ಅಂದ್ಲು ಹೇಣ್ತಿ.
ಅದ. ಆದ್ರ ವಾಟ್ಸಾಪು ಅಪ್ಪನ ಧಂದೆ ಅಲ್ಲ.

ಮೊದಲ ಸಲ 'ಸಾ' ಅಕ್ಷರ ಕಳಿಸಿದ್ದೆ,
ತಲೆಕೆಳಗಾಗಿ ಹೋಗಿತ್ತು.
ಅವ ಲ್ಯಾಪ್‌ಟಾಪ್ ತಿರುವಿ ಹಾಕಿ ಓದಿದ್ನಂತ.
ಅವನ ಪರದೆಯಾಗ ಹೊಸ ಸಾಲು ಮ್ಯಾಲೆ ಹುಟ್ಟಿ
ಹಳೇದನ್ನ ಕೆಳಗ ನೂಕ್ತದ.
ಹಂಗಾಗಿ ಕೆಳಗಿನ ಸಾಲು ಮೊದಲು ಕಳಿಸಬೇಕು,
ಪಾಯದಿಂದ ಗ್ವಾಡಿ ಏರಿಸಿದಂಗ.

ಈ ಸಲ ನನ್ನ ಬಲಗೈ ಫೋಟೋ ಹೊಡೆದೆ,
ಅಪ್ಪನ ಹೆಸರು ಹೇಳೋ ಕೈ.
ಬಣ್ಣ ತೆಗೆದೆ. ಹಿಂದಿನ ಕ್ಯಾಲೆಂಡರ್ ತೆಗೆದೆ.
ಅಂಚು ಉಳಿಸಿ ನಡುವಿಂದು ಕತ್ತಲಕ್ಕ ಬಿಟ್ಟೆ.
ಇನ್ನೂರೈವತ್ತಾರು ಚುಕ್ಕಿ ಅಗಲ,
ಚುಕ್ಕಿಗೊಂದು ಸ್ವರ: ಬೆಳಕಿದ್ದಲ್ಲಿ ಜೋರು,
ಇಲ್ಲದಲ್ಲಿ ಸುಮ್ಮನೆ.
ಒಂದು ಸಾಲಿನ ಸ್ವರೆಲ್ಲ ಕೂಡಿ ಒಂದೇ ಅಲೆ.
ಮಣಿಕಟ್ಟು ಮೊದಲು, ಬೆರಳು ಕಡೀಕ.

ರಾತ್ರಿ ಹತ್ತಕ್ಕ, ಮಾಲಗಾಡಿ ಹ್ವಾದ ಮ್ಯಾಲ,
ನನ್ನ ಕರೆಗುರುತು ಬಾಯಿಲೆ ಹೇಳಿ ಕಳಿಸಿದೆ.
ಮಗ್ಗುಲಿಗೆ ಇನ್ನೊಂದು ರೇಡಿಯೋ ಹಚ್ಚಿಟ್ಟಿದ್ದೆ.
ಗರ್ರ್ ಅಂತು. ಎಣ್ಣಿ ಕಾಣದ ಫ್ಯಾನಿನಂಥ ಕೂಗು,
ನಲವತ್ತು ಸೆಕೆಂಡು.
ಕಿವಿ ಇದ್ದವರಿಗೆ ಸಿಕ್ಕಿದ್ದು ಇಷ್ಟೇ.

ಅಲ್ಲಿ, ಬಟ್ಟೆ ಒಣಹಾಕೋ ಹಗ್ಗಕ್ಕ ಕಟ್ಟಿದ ಆಂಟೆನಾ,
ನೀಲಿ ಪರದೆ, ಸುಣ್ಣ ಚಿಮಿಕಿಸಿದಂಥ ಗದ್ದಲ,
ಅದರೊಳಗಿಂದ ಸಾಲು ಸಾಲು ಹಳದಿ ಕೈಯೊಂದು ಎದ್ದಿತ್ತು.
ಪರದೆಯ ಫೋಟೋ ಹೊಡೆದು ಕಳಿಸಿದ.

ನೋಡಿ ತಲಿ ಹೊಡಕೊಂಡೆ.
ಅಲೆಯ ಎರಡು ಪಾಲು ಅದಲುಬದಲು ಮಾಡೀನಿ,
ಕನ್ನಡಿಯೊಳಗಿನ ಕೈ ಹೋಗ್ಯದ, ಎಡಗೈ.
ಅಕ್ಷರ ಕಳಿಸಿದ ದಿನ ಅವ ಲ್ಯಾಪ್‌ಟಾಪ್ ತಿರುವಿದ್ದಕ್ಕ
ಈ ತಪ್ಪೂ ಅದರಾಗೇ ಮುಚ್ಚಿಹೋಗಿತ್ತು.
ತಡಿ, ತಿದ್ದಿ ಕಳಿಸ್ತೀನಿ, ಅಂತ ಬರದೆ.
ಭಾಳ ಹೊತ್ತು ಏನೂ ಬರಲಿಲ್ಲ.
ಆಮ್ಯಾಲ ಬಂತು, ಅವನ ಒಡಕು ಅಕ್ಷರದಾಗ:

ಬ್ಯಾಡ. ಸರಿ ಅದ.
ಅಪ್ಪ ಎಡಚ. ಗುಂಡಿ ಎಡಗೈಲೆ ತಿರುವ್ತಿದ್ದ.
ನೀ ರೇಡಿಯೋ ಕೇಳ್ತಿದ್ದಿ.
ನಾ ಕೈ ನೋಡ್ತಿದ್ದೆ.

ಸಾಯಬಣ್ಣ ಅಷ್ಟಕ್ಕ ಬಿಡೋನಲ್ಲ. ಮತ್ತೊಂದು ಸಾಲು:
ಬೀಡಿ ಮರ್ತಿ. ಬೆರಳ ಸಂದ್ಯಾಗ.

ತಪ್ಪು ಹಂಗೇ ಇಟ್ಟು ಮತ್ತ ಕುಂತೆ.
ಬೀಡಿ ಅಂದ್ರ ಮೂರೇ ಚುಕ್ಕಿ ಅಗಲ.
ಅದರ ತುದಿಗೆ,
ಆ ಕೈಯಾಗೆಲ್ಲ ಜೋರಾದ ಸ್ವರ ಇಟ್ಟೆ.