ಬಂಬಿನೊಳಗಿನ ಸುಣ್ಣ

ಅಕ್ಕಲಕೋಟಿ, ಮಾಘದ ಥಂಡಿ.
ಹಿತ್ತಲದಾಗ ತಾಮ್ರದ ಬಂಬು
ಎರಡು ದಿನಾತು, ಕೆಮ್ಮಲಿಕ್ಕತ್ತದ.
ಉರಿ ಅದ, ನೀರು ಕಾಯವಲ್ದು.

ಗೈಬೀಸಾಬ ಬಂದವನು ಏನೂ ಕೇಳಲಿಲ್ಲ.
ಬಾಗಿ ಕಿವಿ ಹಚ್ಚಿದ, ಕೂಸಿನ ಎದಿಗೆ ಹಚ್ಚಿದಂಗ.
ಬೆರಳ ಗೆಣ್ಣಿಲೆ ಬಡದ:
ಮ್ಯಾಲ ಠಣ್. ನಡುವ ಠಣ್.
ತಳದಾಗ ಬರೇ ಧಪ್.
"ಬೋರಿನ ನೀರು ಕುಡಿಸೀರಿ" ಅಂದ,
ಬೈದಂಗ.

ಬಾಯಾಗ ಕೈ ಇಳಿಸಿ ತಗದ ಒಂದು ಹಳಕು,
ರೊಟ್ಟಿಯಷ್ಟು ದಪ್ಪ, ಅಂಚಿಗೆ ಗೆರಿ ಗೆರಿ.
ಇದು ಟ್ಯಾಂಕರ್ ಬಂದ ಬ್ಯಾಸಗಿ ಇರಬೇಕು.
ಇದರಾಗ ನನ್ನ ಬಾಣಂತನದ ಎರಕೊಂಡ ನೀರು,
ಮಾವನ ಕಡೀ ಜಳಕ.

"ಪೂರಾ ಕೆರದು ಬಿಡು" ಅಂದೆ.
ಅವ ಉಳಿ ಕೆಳಗ ಇಟ್ಟ.
"ಬ್ಯಾಡವ್ವ. ತಾಮ್ರ ಹಾಳಿಯಂಗ ಆಗೇದ.
ತೂತು ಎಷ್ಟವೋ ಏನೋ,
ಈ ಸುಣ್ಣನ ಹಿಡಕೊಂಡು ಕುಂತದ."

ಅರ್ಧ ಕೆರದ, ಅರ್ಧ ಬಿಟ್ಟ.
ತೋಟಿಯ ಬುಡಕ್ಕ ಒಂದು ಹನಿ ತವರ.
ಎರಡನೂರು ಕೇಳಿದ, ನೂರಾ ಎಂಬತ್ತು ಕೊಟ್ಟೆ.

ಈಗೂ ನೀರು ತಡಾ ಕಾಯ್ತದ, ಖರೆ.
ಎರಡು ಕಟ್ಟಿಗಿ ಹೆಚ್ಚಿಗಿ ಬೇಡತದ.
ಸೊಸಿ ಗೀಝರಿನ ಮಾತು ತಗದಾಗೊಮ್ಮೆ
ನಾ ಎದ್ದು ಹಿತ್ತಲಕ್ಕ ಹೋಗತೀನಿ,
ಗೆಣ್ಣಿಲೆ ಬಡೀತೀನಿ.
ಠಣ್. ಠಣ್.
ಧಪ್.